ಆಳೂ ಆಳುವುದೂ

‘ಆಳು’ ಎಂಬ ಎರಡಕ್ಷರದ ಪದ ಕನ್ನಡದಲ್ಲಿ ಎರಡು ಕಡೆ ದುಡಿಯುತ್ತದೆ. ನಾಮಪದವಾದಾಗ ಅದು ಹೇಳಿದ ಕೆಲಸ ಮಾಡುವವನ ಹೆಸರು, ಕ್ರಿಯಾಪದವಾದಾಗ ಹೇಳಿ ಮಾಡಿಸುವವನ ಅಧಿಕಾರ. ಮನೆಯಾಳು, ಕೂಲಿಯಾಳು, ಜೀತದಾಳು, ಕಾಲಾಳು ಒಂದು ಸಾಲಿಗೆ ಸೇರಿದರೆ ಆಳ್ವಿಕೆ, ಆಳರಸರು ಇನ್ನೊಂದು ಸಾಲಿಗೆ. ಹಳಗನ್ನಡದಲ್ಲಿ ‘ಆಳ್’ ಎಂದರೆ ಸೇವಕ, ಯೋಧ. ‘ಆಳ್ದ’ ಎಂದರೆ ಒಡೆಯ. ತುಳುನಾಡನ್ನು ಶತಮಾನಗಳ ಕಾಲ ಆಳಿದ ಆಳುಪರ ಹೆಸರನ್ನೂ ಎರಡನೆಯ ಸಾಲಿಗೆ ಸೇರಿಸುವವರುಂಟು.

ಹಳ್ಳಿಯ ಬಳಕೆಯಲ್ಲಿ ನಾಮಪದದ್ದೇ ಮೇಲುಗೈ. ‘ಇವತ್ತು ಎಷ್ಟಾಳು ಬಂದವೆ?’ ಎಂಬುದು ಕಾಫಿ ತೋಟದಲ್ಲೂ ನಾಟಿ ಗದ್ದೆಯಲ್ಲೂ ಬೆಳಗಿನ ಮೊದಲ ಪ್ರಶ್ನೆ. ಗಂಡಾಳು, ಹೆಣ್ಣಾಳು ಎಂದು ಕೂಲಿ ಬೇರೆಯಾಗುತ್ತದೆ. ‘ನಾಲ್ಕಾಳಿನ ಕೆಲಸ’ ಎಂದರೆ ದುಡಿಮೆಯ ಅಳತೆ, ‘ಆಳುದ್ದ ನೀರು’ ಎಂದರೆ ಹೊಳೆಯ ಅಳತೆ. ಜೀತದಾಳಿನ ಮಾತು ಬೇರೆ. ಅಲ್ಲಿ ಕೆಲಸದ ಜೊತೆಗೆ ಮನುಷ್ಯನೇ ಒತ್ತೆ. 1976ರ ಕಾನೂನು ಜೀತವನ್ನು ದೇಶದಾದ್ಯಂತ ರದ್ದು ಮಾಡಿತು, ಪದಕ್ಕೆ ಅಂಟಿದ ಕಹಿ ಮಾತ್ರ ಹೋಗಲಿಲ್ಲ. ಪಟ್ಟಣದವರು ಈಗ ‘ಆಳು’ ಎನ್ನಲು ಹಿಂಜರಿದು ‘ಕೆಲಸದವರು’ ಎನ್ನುತ್ತಾರೆ. ಕೂಲಿ ಹೆಚ್ಚಿಸುವುದಕ್ಕಿಂತ ಹೆಸರು ಬದಲಿಸುವುದು ಅಗ್ಗ ಎಂಬುದೂ ಇದಕ್ಕೊಂದು ಕಾರಣವಿದ್ದೀತು.

ಈ ಪದ ಮಾನ ಉಳಿಸಿಕೊಂಡಿರುವ ಒಂದು ಜಾಗ ಕನ್ನಡ ಕ್ರೈಸ್ತರ ಮಾತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದಕ್ಕೆ ಕುಳಿತ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಮುಂದೆ ಪರಿಷ್ಕಾರಗಳಾಗಿ ಮನೆಮನೆಗೆ ಬಂದ ‘ಸತ್ಯವೇದವು’ ಗ್ರಂಥದಲ್ಲಿ ಪೌಲ ತನ್ನನ್ನು ಕ್ರಿಸ್ತನ ‘ದಾಸ’ ಎಂದುಕೊಳ್ಳುತ್ತಾನೆ. ಯೇಸು ಹೇಳುವ ಕಥೆಗಳಲ್ಲಿ ಒಡೆಯನ ಹಣ ಹೊತ್ತು ವ್ಯಾಪಾರ ಮಾಡುವವರು ‘ಆಳುಗಳು’. ‘ನಂಬಿಗಸ್ತ ಆಳು’ ಎಂಬುದು ಆ ಸಮಾಜದಲ್ಲಿ ತೀರಿಕೊಂಡವರಿಗೆ ಸಲ್ಲುವ ಅತಿ ದೊಡ್ಡ ಬಿರುದು. ಮನೆಯಲ್ಲಿ ಯಾರನ್ನಾದರೂ ಆಳು ಎಂದರೆ ಮುಖ ಸಿಂಡರಿಸುವವರೇ ಸಮಾಧಿಯ ಬಳಿ ಈ ಮಾತು ಕೇಳಿ ಕಣ್ಣೊರೆಸಿಕೊಳ್ಳುತ್ತಾರೆ.

ಬಿರುದಿನ ಹಿಂದಿರುವ ವಿಚಾರ ಇಷ್ಟು. ತನ್ನ ಬದುಕಿಗೆ ತಾನೇ ಒಡೆಯ ಎಂದುಕೊಳ್ಳುವುದೇ ಕ್ರೈಸ್ತ ಬೋಧೆಯಲ್ಲಿ ಪಾಪದ ಬೇರು. 16ನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ಪೌಲನ ರೋಮಾಪುರದ ಪತ್ರವನ್ನು ಪಾಠ ಹೇಳುತ್ತ, ಮನುಷ್ಯ ತನ್ನೊಳಕ್ಕೇ ಬಾಗಿಕೊಂಡವನು, ದೇವರನ್ನೂ ತನ್ನ ಲಾಭಕ್ಕೇ ತಿರುಗಿಸಿಕೊಳ್ಳುವವನು ಎಂದು ವಿವರಿಸಿದ. ಬಾಗಿದ್ದು ನೆಟ್ಟಗಾಗಬೇಕಾದರೆ ನಡುವಿನ ಜಾಗ ದೇವರಿಗೆ ಹೋಗಬೇಕು. ಪ್ರತಿಭೆ, ದುಡ್ಡು, ಆಯುಸ್ಸು ಎಲ್ಲವೂ ಒಡೆಯ ಒಪ್ಪಿಸಿದ ಗಂಟು, ಮನುಷ್ಯ ಅದರ ಲೆಕ್ಕ ಕೊಡಬೇಕಾದ ಆಳು. ಶರಣರ ‘ದಾಸೋಹ’ವನ್ನು ಬಲ್ಲ ಕನ್ನಡ ಓದುಗನಿಗೆ ಇದು ಅಪರಿಚಿತವಲ್ಲ. ‘ಅವನೇ ನಾನು’ ಎನ್ನುವ ‘ಸೋಹಂ’ಗೆ ಬದಲಾಗಿ ‘ನಾನು ದಾಸ’ ಎನ್ನುವ ‘ದಾಸೋಹಂ’ ಅನ್ನು ಅವರು ಹಿಡಿದರು. ಹಿಡಿದದ್ದು ಊಟದ ಪಂಕ್ತಿಯವರೆಗೂ ಬಂದು ಮುಟ್ಟಿತು.

ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಈ ಪದದ ಎರಡು ಮುಖಗಳು ಎದುರುಬದುರಾಗುತ್ತವೆ. ಯಾಕೋಬ, ಯೋಹಾನ ಎಂಬ ಅಣ್ಣತಮ್ಮಂದಿರು ಯೇಸುವಿನ ಬಳಿ ಬಂದು, ಆತನ ಮಹಿಮೆಯಲ್ಲಿ ತಮ್ಮಲ್ಲೊಬ್ಬನಿಗೆ ಬಲಕ್ಕೂ ಇನ್ನೊಬ್ಬನಿಗೆ ಎಡಕ್ಕೂ ಪೀಠ ಬೇಕೆಂದು ಕೇಳುತ್ತಾರೆ. ಉಳಿದ ಹತ್ತು ಮಂದಿಗೆ ಸಿಟ್ಟು. ಅವರಿಗೂ ಅದೇ ಬೇಕಾಗಿದ್ದೀತು. ಲೋಕದ ದೊರೆಗಳು ಆಳುತ್ತಾರೆ, ನಿಮ್ಮಲ್ಲಿ ಮೊದಲನೆಯವನಾಗಬೇಕೆಂದಿರುವವನು ಎಲ್ಲರ ಆಳಾಗಲಿ ಎಂಬುದು ಯೇಸುವಿನ ಉತ್ತರದ ಸಾರ. ಗ್ರೀಕ್ ಮೂಲದಲ್ಲಿ ಆಳುವುದಕ್ಕೆ ಒಂದು ಪದ, ಆಳಿಗೆ ಇನ್ನೊಂದು. ಕನ್ನಡದಲ್ಲಿ ಒಂದೇ ಉಚ್ಚಾರ ಎರಡನ್ನೂ ಹೊರುತ್ತದೆ.

ಇಷ್ಟರಲ್ಲೇ ಮುಗಿದಿದ್ದರೆ ಪದ ಸುಲಭದ್ದು. ಯಾರು ಯಾರಿಗೆ ‘ಆಳಾಗು’ ಎನ್ನುತ್ತಾರೆ ಎಂಬುದರ ಮೇಲೆ ಅದರ ಅರ್ಥ ತಲೆಕೆಳಗಾಗುತ್ತದೆ. ಇದನ್ನು ಅಮೆರಿಕದ ದಕ್ಷಿಣ ಸೀಮೆಯಷ್ಟು ಬೆಲೆ ತೆತ್ತು ಕಲಿತ ನಾಡು ಕಡಿಮೆ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರು ಉತ್ತರ ಅಮೆರಿಕಕ್ಕೆ ಆಫ್ರಿಕನ್ನರನ್ನು ಸೆರೆಹಿಡಿದು ತಂದಿಳಿಸಿದ ಅತಿ ದೊಡ್ಡ ದಡ. ಅಲ್ಲಿನ ಒಡೆಯರು ಚರ್ಚಿಗೆ ಹೋಗುವ ಕ್ರೈಸ್ತರು. ದಾಸರು ಯಜಮಾನರ ಮಾತು ಕೇಳಬೇಕೆಂದು ಪೌಲ ಎಫೆಸದವರಿಗೆ ಬರೆದದ್ದು ಅವರಿಗೆ ಬಾಯಿಪಾಠ. 1807ರಲ್ಲಿ ಲಂಡನ್ನಿನಲ್ಲಿ ಕೆರಿಬಿಯನ್ ದ್ವೀಪಗಳ ಗುಲಾಮರಿಗೆಂದೇ ಅಚ್ಚಾದ ಬೈಬಲಿನಲ್ಲಿ ಇಸ್ರಾಯೇಲ್ಯರು ಈಜಿಪ್ಟಿನ ಜೀತದಿಂದ ಹೊರಟ ಕಥೆಯನ್ನೇ ಕತ್ತರಿಸಲಾಗಿತ್ತು. ಅದರ ಅಪರೂಪದ ಪ್ರತಿಯೊಂದನ್ನು 2018ರಲ್ಲಿ ವಾಷಿಂಗ್ಟನ್ನಿನ ಬೈಬಲ್ ವಸ್ತುಸಂಗ್ರಹಾಲಯ ಪ್ರದರ್ಶನಕ್ಕಿಟ್ಟಿತು.

ಜಾರ್ಜಿಯಾದ ಲಿಬರ್ಟಿ ಕೌಂಟಿಯಲ್ಲಿ ಚಾರ್ಲ್ಸ್ ಕೋಲ್‌ಕಾಕ್ ಜೋನ್ಸ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿ ಗುಲಾಮರಿಗೆ ಬೋಧಿಸುವುದನ್ನೇ ಕಸುಬಾಗಿಸಿಕೊಂಡಿದ್ದ. ಮುಂದೆ ದಕ್ಷಿಣ ಕೆರೊಲಿನಾದ ಕೊಲಂಬಿಯಾ ಸೆಮಿನರಿಯಲ್ಲಿ ಪ್ರಾಧ್ಯಾಪಕನಾದ. ತಾನೂ ಗುಲಾಮರ ಒಡೆಯ, ಆದರೂ ಅವರ ಆತ್ಮದ ಬಗ್ಗೆ ಕಳಕಳಿಯುಳ್ಳವನು. 1833ರಲ್ಲಿ ಒಮ್ಮೆ ಅವನು ಪೌಲನ ಫಿಲೆಮೋನ ಪತ್ರವನ್ನು ಎತ್ತಿಕೊಂಡು, ಓಡಿಹೋದ ಆಳು ಒನೇಸಿಮನನ್ನು ಪೌಲ ಒಡೆಯನ ಬಳಿಗೆ ಹಿಂದಕ್ಕೆ ಕಳಿಸಿದನೆಂದು ಹೇಳಿ ಓಡಿಹೋಗುವುದು ತಪ್ಪೆಂದು ವಿವರಿಸತೊಡಗಿದ. ಕೇಳುತ್ತಿದ್ದವರಲ್ಲಿ ಅರ್ಧದಷ್ಟು ಮಂದಿ ಎದ್ದು ಹೊರನಡೆದರು. ಉಳಿದವರಲ್ಲೂ ಕೆಲವರು ಬೋಧನೆ ಮುಗಿದ ಮೇಲೆ ಅಂಥ ಪತ್ರ ಬೈಬಲಿನಲ್ಲಿ ಇಲ್ಲವೇ ಇಲ್ಲ ಎಂದು ಸಾಧಿಸಿದರು. ಇದನ್ನು ಬರೆದಿಟ್ಟವನು ಜೋನ್ಸನೇ. ಓದು ಬರಹ ನಿಷಿದ್ಧವಾಗಿದ್ದ ಜನ ಅವತ್ತು ಮಾಡಿದ್ದು ಒಳ್ಳೆಯ ವ್ಯಾಖ್ಯಾನ: ದೇವರಿಗೆ ಆಳಾಗುವುದೂ ಜೋನ್ಸನ ನೆರೆಹೊರೆಯ ಜಮೀನುದಾರನಿಗೆ ಆಳಾಗುವುದೂ ಒಂದೇ ಅಲ್ಲ ಎಂದು ಕಾಲಿನಿಂದ ಹೇಳಿದರು.

ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾರ್ಥನಾಮಂದಿರದ ಡೀನ್ ಆಗಿದ್ದ ಹೋವರ್ಡ್ ಥರ್ಮನ್ 1949ರ ತನ್ನ ಪುಸ್ತಕದಲ್ಲಿ ಅಜ್ಜಿಯ ವಿಷಯ ಬರೆದಿದ್ದಾನೆ. ಗುಲಾಮಳಾಗಿ ಹುಟ್ಟಿದ ಆಕೆಗೆ ಓದು ಬಾರದು. ಬೈಬಲ್ ಓದಿ ಹೇಳುವುದು ಮೊಮ್ಮಗನ ಕೆಲಸ. ಪೌಲನ ಪತ್ರಗಳಲ್ಲಿ ಪ್ರೀತಿಯ ಅಧ್ಯಾಯವೊಂದನ್ನು ಬಿಟ್ಟು ಬೇರೇನನ್ನೂ ಓದಲು ಆಕೆ ಬಿಡುತ್ತಿರಲಿಲ್ಲ. ಹಳೆಯ ಒಡೆಯನ ಪಾದ್ರಿ ಮತ್ತೆ ಮತ್ತೆ ಪೌಲನ ಆ ‘ಆಳು’ಗಳ ಮಾತನ್ನು ಹೇಳುತ್ತಿದ್ದ, ಬಿಡುಗಡೆಯಾದರೆ ಆ ಭಾಗವನ್ನು ಓದಲಾರೆನೆಂದು ಆಕೆ ದೇವರಿಗೇ ಮಾತು ಕೊಟ್ಟಿದ್ದಳು. ದೇವರನ್ನು ನಡುವಿನಲ್ಲಿಟ್ಟುಕೊಂಡವಳು ದೇವರ ಹೆಸರಿನಲ್ಲೇ ಗ್ರಂಥದ ಒಂದು ಪಾಲನ್ನು ಪಕ್ಕಕ್ಕಿಟ್ಟದ್ದು ಇಲ್ಲಿಯ ವಿಶೇಷ. ಒಡೆಯರ ಕಡೆಯ ಲೆಕ್ಕ ಚುಕ್ತಾ ಆಗಲು ಹೆಚ್ಚು ಕಾಲ ಬೇಕಾಯಿತು. ಗುಲಾಮರನ್ನು ಇಟ್ಟುಕೊಂಡವರು ಮಿಷನರಿಗಳಾಗಬಹುದೇ ಎಂಬ ಜಗಳದಿಂದ 1845ರಲ್ಲಿ ಜಾರ್ಜಿಯಾದ ಆಗಸ್ಟಾದಲ್ಲಿ ಹುಟ್ಟಿದ ದಕ್ಷಿಣದ ಬ್ಯಾಪ್ಟಿಸ್ಟ್ ಒಕ್ಕೂಟ ಅದಕ್ಕಾಗಿ ಕ್ಷಮೆ ಕೋರಿದ್ದು 1995ರಲ್ಲಿ, ಅಟ್ಲಾಂಟಾದಲ್ಲಿ ಸೇರಿದ ಸಭೆಯಲ್ಲಿ.

ಅದೇ ಅಟ್ಲಾಂಟಾದ ಎಬನೇಜರ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ 1968ರ ಫೆಬ್ರವರಿ 4ರಂದು ಮಾರ್ಟಿನ್ ಲೂಥರ್ ಕಿಂಗ್ ಮಾರ್ಕನ 10ನೇ ಅಧ್ಯಾಯವನ್ನು ಬೋಧಿಸಿದರು. ವಾದ್ಯಮೇಳದ ಮುಂದೆ ಕೋಲು ತಿರುಗಿಸುತ್ತ ನಡೆಯುವ ಡ್ರಮ್ ಮೇಜರ್ ಆಗುವ ಆಸೆ ಎಲ್ಲರಲ್ಲೂ ಇದೆ ಎಂಬುದು ಅವರ ಎಳೆ. ಫ್ಲೋರಿಡಾದ ಮೆಥಡಿಸ್ಟ್ ಬೋಧಕ ಜೆ. ವಾಲೆಸ್ ಹ್ಯಾಮಿಲ್ಟನ್ ಅದನ್ನು ಮೊದಲೇ ಬಳಸಿದ್ದ. ಕಿಂಗ್ ಯಾಕೋಬ, ಯೋಹಾನರನ್ನು ಬೈಯಲಿಲ್ಲ. ಸಾಲ ಮಾಡಿ ದೊಡ್ಡ ಕಾರು ಕೊಳ್ಳುವವನಲ್ಲೂ, ಜಾಹೀರಾತಿಗೆ ಮರುಳಾಗುವವನಲ್ಲೂ ಅದೇ ಆಸೆ ಎಂದರು. ಬರ್ಮಿಂಗ್‌ಹ್ಯಾಮ್ ಜೈಲಿನಲ್ಲಿ ತಮ್ಮೊಡನೆ ವಾದಕ್ಕಿಳಿದ ಬಿಳಿಯ ಕಾವಲುಗಾರರ ಸಂಬಳ ವಿಚಾರಿಸಿದ್ದನ್ನು ನೆನೆದರು. ಕರಿಯರಷ್ಟೇ ಬಡವರಾಗಿದ್ದೂ ಬಿಳಿ ಚರ್ಮದ ಹೆಮ್ಮೆಗೆ ಅವರು ತಮ್ಮನ್ನೇ ತುಳಿಯುವವರ ಬೆನ್ನಿಗೆ ನಿಂತಿದ್ದರು. ಯೇಸು ಮೊದಲಿಗನಾಗುವ ಆಸೆಯನ್ನು ಕಿತ್ತೆಸೆಯದೆ ಸೇವೆಯಲ್ಲಿ ಮೊದಲಿಗನಾಗೆಂದು ಅದರ ದಾರಿ ತಿರುಗಿಸಿದ ಎಂಬುದು ಅವರ ಓದು. ಸೇವೆಗೆ ಪದವಿ ಬೇಡ, ಕರ್ತೃಪದ ಕ್ರಿಯಾಪದ ಹೊಂದಿಸಿ ಮಾತಾಡಲು ಬರಬೇಕಾಗಿಯೂ ಇಲ್ಲ ಎಂದು ಸೇರಿಸಿದರು. ಕೊನೆಗೆ ತಮ್ಮ ಸಾವಿನ ಮಾತು ತೆಗೆದು, ನೊಬೆಲ್ ಬಹುಮಾನವನ್ನು ಹೇಳಬೇಡಿ, ಹಸಿದವರಿಗೆ ಉಣಿಸಲು ನೋಡಿದ, ಇತರರ ಸೇವೆಗೆ ಬದುಕು ಕೊಡಲು ನೋಡಿದ ಎನ್ನಿ ಎಂದು ಕೇಳಿಕೊಂಡರು. ಎರಡು ತಿಂಗಳಿಗೆ ಸರಿಯಾಗಿ, ಏಪ್ರಿಲ್ 4ರಂದು, ಅವರ ಕೊಲೆಯಾಯಿತು. 9ರಂದು ಅದೇ ಚರ್ಚಿನ ಅಂತ್ಯಸಂಸ್ಕಾರದಲ್ಲಿ ಆ ಬೋಧನೆಯ ಧ್ವನಿಮುದ್ರಣವನ್ನೇ ಕೇಳಿಸಿದರು.

ಆ ಮಾತಿನ ಮುಂದಿನ ಗತಿ ಸ್ವಾರಸ್ಯದ್ದು. 2011ರಲ್ಲಿ ವಾಷಿಂಗ್ಟನ್ನಿನಲ್ಲಿ ತೆರೆದ ಕಿಂಗ್ ಸ್ಮಾರಕದ ಕಲ್ಲಿನ ಒಂದು ಬದಿಯಲ್ಲಿ, ತಾನು ನ್ಯಾಯ, ಶಾಂತಿ, ಧರ್ಮಗಳ ಡ್ರಮ್ ಮೇಜರ್ ಆಗಿದ್ದೆ ಎಂಬ ಅರ್ಥದ ಚುಟುಕು ವಾಕ್ಯವನ್ನು ಕೆತ್ತಿದ್ದರು. ಮೂಲದಲ್ಲಿ ಅದರ ಹಿಂದೆ ಒಂದು ‘ರೆ’ ಇತ್ತು: ನನ್ನನ್ನು ಹಾಗೆ ಕರೆಯಲೇಬೇಕೆಂದಿದ್ದರೆ ಇಂಥದ್ದಕ್ಕೆ ಎಂದು ಕರೆಯಿರಿ. ಆ ‘ರೆ’ ಬಿದ್ದುಹೋಗಿದ್ದೇ ತಡ, ಅಹಂಕಾರದ ವಿರುದ್ಧದ ಬೋಧನೆ ಆತ್ಮಪ್ರಶಂಸೆಯಾಗಿ ನಿಂತಿತು. ಕಿಂಗ್ ಇದರಲ್ಲಿ ಸೊಕ್ಕಿನವನಂತೆ ಕಾಣುತ್ತಾನೆ ಎಂದು ಕವಯಿತ್ರಿ ಮಾಯಾ ಏಂಜೆಲೊ ಸಿಡುಕಿದರು. 2013ರ ಆಗಸ್ಟಿನಲ್ಲಿ ಶಿಲ್ಪಿ ಲೇ ಯಿಶಿನ್ ಅಕ್ಷರಗಳ ಮೇಲೆ ಗೀರು ಹೊಡೆದು, ಕಲ್ಲಿನ ಉಳಿದ ಗೀರುಗಳಲ್ಲಿ ಬೆರೆಸಿ ವಾಕ್ಯವನ್ನು ಅಳಿಸಿದರು. ಕಲ್ಲಿನ ಮೇಲೆ ಜಾಗ ಕಡಿಮೆಯಿದ್ದಾಗ ಮೊದಲು ಬಲಿಯಾಗುವುದು ವಿನಯವೇ.

ಕಿಂಗ್ ಗುರುವೆಂದು ಗೌರವಿಸಿದ ಬೆಂಜಮಿನ್ ಮೇಸ್ 1968ರ ಅದೇ ಏಪ್ರಿಲ್ 9ರಂದು ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಂಗಳದಲ್ಲಿ ಶ್ರದ್ಧಾಂಜಲಿಯ ಮಾತಾಡಿದರು. ಅವರು 1894ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ, ಗುಲಾಮರಾಗಿ ಹುಟ್ಟಿದ್ದ ತಂದೆತಾಯಿಗಳ ಮಗನಾಗಿ ಜನಿಸಿದವರು. ವಾಷಿಂಗ್ಟನ್ನಿನ ಹೋವರ್ಡ್‌ನಲ್ಲಿ ಧರ್ಮಶಾಸ್ತ್ರ ವಿಭಾಗದ ಡೀನ್ ಆಗಿದ್ದಾಗ, 1937ರ ಜನವರಿಯಲ್ಲಿ ವೈಎಂಸಿಎ ವಿಶ್ವ ಸಮ್ಮೇಳನಕ್ಕೆಂದು ಮೈಸೂರಿಗೆ ಬಂದಿದ್ದರು. ಅಲ್ಲಿ ಅಸ್ಪೃಶ್ಯ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಕರೆದೊಯ್ದು, ಅಮೆರಿಕದಲ್ಲಿ ಇವರೂ ಅಸ್ಪೃಶ್ಯರೇ, ಆದರೂ ಎಷ್ಟು ಎತ್ತರಕ್ಕೇರಿದ್ದಾರೆ ನೋಡಿ ಎಂದು ಮಕ್ಕಳಿಗೆ ಪರಿಚಯಿಸಿದರು. ಮೇಸ್‌ಗೆ ಮೊದಲು ಸಿಟ್ಟು ಬಂತು. ಯೋಚಿಸಿದಾಗ ಮಾತು ನಿಜವೆನಿಸಿತು ಎಂದು 1971ರ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಮಕ್ಕಳು ಹುಟ್ಟಿನಿಂದಲೇ ‘ಆಳು’ ಎನಿಸಿಕೊಂಡವರು. ಅವರಿಗೆ ನಮ್ರತೆಯ ಬೋಧೆ ಬೇಕಾಗಿರಲಿಲ್ಲ, ಬೇಕಾಗಿದ್ದು ತಲೆಯೆತ್ತಲು ಒಂದು ಆಸರೆ. ದೇವರು ನಡುವಿನಲ್ಲಿದ್ದರೆ ಒಡೆಯ ಕೆಳಗಿಳಿಯಬೇಕು, ಆಳು ಎದ್ದು ನಿಲ್ಲಬೇಕು. ಒಂದೇ ವಾಕ್ಯವನ್ನು ಇಬ್ಬರಿಗೂ ಒಪ್ಪಿಸುವ ಬೋಧಕ ಅರ್ಧ ಸುವಾರ್ತೆಯನ್ನಷ್ಟೇ ಓದಿದ್ದಾನೆ.

ಒಡೆಯರ ಕಡೆಯಿಂದ ಕೆಳಗಿಳಿದ ಉದಾಹರಣೆಯೂ ಜಾರ್ಜಿಯಾದಲ್ಲೇ ಇದೆ. ಗ್ರೀಕ್ ಪಂಡಿತನೂ ರೈತನೂ ಆಗಿದ್ದ ಬಿಳಿಯ ಬ್ಯಾಪ್ಟಿಸ್ಟ್ ಕ್ಲಾರೆನ್ಸ್ ಜೋರ್ಡನ್ 1942ರಲ್ಲಿ ಅಮೆರಿಕಸ್ ಪಟ್ಟಣದ ಬಳಿ ಜೊತೆಗಾರರೊಂದಿಗೆ ‘ಕೊಯ್ನೊನಿಯಾ’ ಎಂಬ ತೋಟ ಕಟ್ಟಿದ. ಕರಿಯರಿಗೂ ಬಿಳಿಯರಿಗೂ ಒಂದೇ ಕೂಲಿ, ಒಂದೇ ಊಟದ ಮೇಜು. 1950ರ ದಶಕದಲ್ಲಿ ಇದಕ್ಕೆ ಗುಂಡು, ಬಾಂಬು, ಬಹಿಷ್ಕಾರಗಳ ಉತ್ತರ ಬಂತು. ಸುತ್ತಲಿನ ಅಂಗಡಿಗಳು ವ್ಯವಹಾರ ನಿಲ್ಲಿಸಿದಾಗ ಅವರು ಪೆಕಾನ್ ಬೀಜಗಳನ್ನು ಅಂಚೆಯಲ್ಲಿ ದೂರದೂರಿಗೆ ಮಾರಿ ಬದುಕಿಕೊಂಡರು. ಜೋರ್ಡನ್ ಹೊಸ ಒಡಂಬಡಿಕೆಯ ಬಹುಭಾಗವನ್ನು ಹತ್ತಿ ಹೊಲದ ಮಾತಿಗೆ ತಿರುಗಿಸಿದ. ಅದರಲ್ಲಿ ರೋಮಾಪುರದ ಪತ್ರ ವಾಷಿಂಗ್ಟನ್ನಿನ ಕ್ರೈಸ್ತರಿಗೆ, ಕೊರಿಂಥದ್ದು ಅಟ್ಲಾಂಟಾದವರಿಗೆ.

ಈ ತೋಟದಿಂದಲೇ 1976ರಲ್ಲಿ ಮನೆ ಕಟ್ಟಿಕೊಡುವ ‘ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ’ ಸಂಸ್ಥೆ ಹೊರಟಿತು. ಮನೆ ಪಡೆಯುವ ಕುಟುಂಬ ತನ್ನ ಮನೆಗೂ ಇತರರ ಮನೆಗೂ ನೂರಾರು ಗಂಟೆ ದುಡಿಯಬೇಕೆಂಬುದು ಅದರ ನಿಯಮ. 1977ರಿಂದ 81ರವರೆಗೆ ವಾಷಿಂಗ್ಟನ್ನಿನಲ್ಲಿ ಆಳಿದ ಜಿಮ್ಮಿ ಕಾರ್ಟರ್, ಚುನಾವಣೆಯಲ್ಲಿ ಸೋತು ಪಕ್ಕದ ಪ್ಲೇನ್ಸ್ ಊರಿಗೆ ಮರಳಿದ ಮೇಲೆ 1984ರಿಂದ ಹ್ಯಾಬಿಟ್ಯಾಟ್‌ನ ಬಡಗಿಯಾಳಾದರು. 2006ರಲ್ಲಿ ಲೋನಾವಳದ ಬಳಿಯೂ ಬಂದು ಮನೆ ಕಟ್ಟಿದರು. 2019ರ ಅಕ್ಟೋಬರಿನಲ್ಲಿ, 95 ದಾಟಿದಾಗ, ಮನೆಯಲ್ಲಿ ಬಿದ್ದು ಹುಬ್ಬಿನ ಮೇಲೆ 14 ಹೊಲಿಗೆ ಹಾಕಿಸಿಕೊಂಡು ಕಣ್ಣಿನ ಸುತ್ತ ಕಪ್ಪಾಗಿದ್ದರೂ ಮರುದಿನವೇ ನ್ಯಾಶ್‌ವಿಲ್‌ನ ಕಟ್ಟಡದ ಕೆಲಸಕ್ಕೆ ಹಾಜರಾಗಿದ್ದರು.

ಇಂಥ ದುಡಿಮೆಗೆ ‘ಸ್ವಯಂಸೇವಕ’ ಎಂಬ ಸಂಸ್ಕೃತದ ಪದವಿದೆ. ವಾಷಿಂಗ್ಟನ್ನಿನ ಕಾವೇರಿ ಕನ್ನಡ ಸಂಘ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟಗಳಂಥ ಕಡೆ ಊಟ ಬಡಿಸಿ ಕುರ್ಚಿ ಮಡಚುವವರಿಗೆ ‘ವಾಲಂಟಿಯರ್’ ಸಾಕು. ಮಲೆನಾಡಿನಲ್ಲಿ ಇದಕ್ಕೆ ಹಿಂದಿನಿಂದಲೂ ಒಂದು ಪದವಿತ್ತು: ಮುಯ್ಯಾಳು. ಇವತ್ತು ಇವರ ಗದ್ದೆಯ ನಾಟಿಗೆ ಅವರ ಮನೆಯವರು, ನಾಳೆ ಅವರ ಗದ್ದೆಗೆ ಇವರು. ಕೂಲಿಯ ಮಾತಿಲ್ಲ, ಊಟ ಗದ್ದೆಯವರದ್ದು. ಅಲ್ಲಿ ಎಲ್ಲರೂ ಸರದಿಯ ಮೇಲೆ ಆಳುಗಳು, ಹಾಗಾಗಿ ಆಳುವವರು ಯಾರೂ ಇರುವುದಿಲ್ಲ.