ಮೋಡ ಕಂಡರೆ ಅಲ್ಲಿ ನಗು, ಇಲ್ಲಿ ಬೇಸರ

ನಮ್ಮ ಕರಾವಳಿಯವರಿಗೆ ಮಳೆಗಾಲ ಎಂದರೆ ಕೂತು ಕಾಯುವ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿನ ವ್ಯಾಪಾರವನ್ನೇ ನಂಬಿದ ಬ್ಯಾರಿ ಮನೆಗಳಲ್ಲಿ ಆ ಎರಡು ತಿಂಗಳು ಕಿಸೆ ಖಾಲಿ. ಆಟಿಯ ಜಡಿಮಳೆಗೆ ಬಟ್ಟೆ ಒಣಗುವುದಿಲ್ಲ, ಅಂಗಡಿಗೆ ಗಿರಾಕಿ ಬರುವುದಿಲ್ಲ. ನಾನು ದಿನಸಿ ಅಂಗಡಿಯವರ ಮಗ. ವಾರವಿಡೀ ಸೂರ್ಯ ಕಾಣದಿದ್ದರೆ ಸಾಲದ ಪುಸ್ತಕದ ಹಾಳೆ ತುಂಬುತ್ತದೆ, ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ ಎಂಬುದು ಚಿಕ್ಕಂದಿನಿಂದಲೇ ಗೊತ್ತು.

ಡಿಪ್ಲೊಮಾ ಮುಗಿಸಿ ಗಾಳಿಯಂತ್ರಗಳ ರಿಪೇರಿ ಕೆಲಸಕ್ಕೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ ತಾಲೂಕಿಗೆ ಹೋದಾಗ ಈ ಲೆಕ್ಕ ತಲೆಕೆಳಗಾಯಿತು. ಅಲ್ಲಿ ಗುಡ್ಡಾಪುರ ಎಂಬ ಊರಿದೆ. ದಾನಮ್ಮ ದೇವಿಯ ಗುಡಿಯಿಂದಾಗಿ ವಿಜಯಪುರ, ಸೋಲಾಪುರದ ಕಡೆಯವರಿಗೆಲ್ಲ ಪರಿಚಿತ. ನಕ್ಷೆಯಲ್ಲಿ ಮಹಾರಾಷ್ಟ್ರ, ಮಾತು ಕನ್ನಡ. ಜೂನ್‌ನಲ್ಲಿ ಮೋಡ ಕವಿದರೆ ಅಲ್ಲಿನ ಮುದುಕರ ಮುಖ ಅರಳುತ್ತಿತ್ತು, ನನ್ನದು ಬಾಡುತ್ತಿತ್ತು.

ಸೆಕೆಯ ವಿಷಯವೂ ಹಾಗೆಯೇ. ಮಂಗಳೂರಿನ 34 ಡಿಗ್ರಿ ನನ್ನನ್ನು ಹಿಂಡಿದಷ್ಟು ಅಲ್ಲಿನ 40 ಡಿಗ್ರಿ ಹಿಂಡಲಿಲ್ಲ. ಡಿಪ್ಲೊಮಾದ ಲ್ಯಾಬಿನಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು, ಒಣ ಥರ್ಮಾಮೀಟರು ಎಂದು ಎರಡನ್ನು ಜೋಡಿಸಿ ಓದಿಸುತ್ತಿದ್ದರು. ಬೆವರು ಆರಿದರೆ ಮೈ ತಂಪಾಗುತ್ತದೆ. ಗಾಳಿಯಲ್ಲೇ ನೀರು ತುಂಬಿದ್ದರೆ ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ. ಅದೇ ನಮ್ಮ ಸೆಕೆ. ಅಲ್ಲಿನ ಒಣ ಝಳದಲ್ಲಿ ಬೆವರಿದ್ದೇ ಗೊತ್ತಾಗುವುದಿಲ್ಲ, ಮೈಯ ನೀರು ಮಾತ್ರ ಹೋಗುತ್ತಿರುತ್ತದೆ. ಕುಡಿಯಲು ನೀರಿಲ್ಲದಿದ್ದರೆ ಇದು ಹೆಚ್ಚು ಅಪಾಯ.

ಇದಕ್ಕೆ ಇತಿಹಾಸದ ಸಾಕ್ಷಿ ಅದೇ ತಾಲೂಕಿನಲ್ಲಿದೆ. 1673ರ ಏಪ್ರಿಲ್‌ನಲ್ಲಿ ಬಿಜಾಪುರದ ಸರದಾರ ಬಹಲೋಲ್ ಖಾನನ ಸೈನ್ಯವನ್ನು ಮರಾಠರ ಸೇನಾಪತಿ ಪ್ರತಾಪರಾವ್ ಗುಜರ್ ಉಮ್ರಾಣಿಯ ಬಳಿ ತಡೆದ. ಮೊದಲು ಮಾಡಿದ ಕೆಲಸ ನೀರಿನ ದಾರಿ ಮುಚ್ಚಿದ್ದು. ಬೇಸಿಗೆಯ ಬಾಯಾರಿಕೆಗೆ ಆನೆ, ಕುದುರೆ, ಸೈನಿಕರೆಲ್ಲ ಕಂಗೆಟ್ಟು ಖಾನ ಸಂಧಿಗೆ ಬಂದ. ಪ್ರತಾಪರಾವ್ ಅವನನ್ನು ಹೋಗಗೊಟ್ಟ, ಅದಕ್ಕೆ ಶಿವಾಜಿ ಸಿಟ್ಟಾದ. ಕತ್ತಿಯ ಕತೆಗಳನ್ನು ಎಲ್ಲರೂ ಹೇಳುತ್ತಾರೆ, ಈ ನೀರಿನ ಕತೆ ಹೇಳುವವರು ಕಡಿಮೆ.

ಆ ಸೀಮೆಯ ಜನರ ನೆನಪಿನಲ್ಲಿ ಯುದ್ಧಕ್ಕಿಂತ ಬರಗಾಲಗಳೇ ಆಳವಾಗಿ ಉಳಿದಿವೆ. 1791-92ರ ಬರಕ್ಕೆ ಡೋಗಿ ಬರ ಎಂದೇ ಹೆಸರು. ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವಂತೆ. ಆಮೇಲೆ ಬಂದದ್ದು 1876-78ರ ಮಹಾ ಬರ. ಜತ್ ಆಗ ಡಫಳೆ ಮನೆತನದ ಸಂಸ್ಥಾನ, ಪಕ್ಕದಲ್ಲಿ ಬ್ರಿಟಿಷರ ಕಲಾದಗಿ ಜಿಲ್ಲೆ, ಅಂದರೆ ಇಂದಿನ ವಿಜಯಪುರ, ಬಾಗಲಕೋಟೆ. ಆ ಜಿಲ್ಲೆಯ ಜನಸಂಖ್ಯೆ 1872ರಲ್ಲಿ 8 ಲಕ್ಷ ದಾಟಿತ್ತು, 1881ರಲ್ಲಿ ಆರೂವರೆ ಲಕ್ಷವೂ ಇರಲಿಲ್ಲ.

ಇಷ್ಟನ್ನೂ ಹವಾಮಾನವೇ ಮಾಡಿತು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಬರ ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅಂದರೆ ಅರ್ಧ ಕಿಲೋಗಿಂತ ಕಡಿಮೆ, ಮೇಲೊಂದು ಆಣೆ ಸಾಕು ಎಂದು 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ನಿಗದಿ ಮಾಡಿದ. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದನ್ನು ಗಟ್ಟಿಯಾಗಿ ವಿರೋಧಿಸಿದರು. ದುಡಿಯುವ ಮೈಗೆ ಒಂದೂವರೆ ಪೌಂಡು ಧಾನ್ಯವಾದರೂ ಬೇಕು, ಬೇಳೆ, ತರಕಾರಿಯೂ ಬೇಕು ಎಂಬುದು ಅವರ ವಾದ. ಅಂಗಡಿಯಲ್ಲಿ ತಕ್ಕಡಿ ಹಿಡಿದು ಬೆಳೆದವನಾದ್ದರಿಂದ ಆ ಅರ್ಧ ಪೌಂಡಿನ ವ್ಯತ್ಯಾಸ ಕೈಗೆ ಎಷ್ಟು ಭಾರ ಎಂದು ನನಗೆ ಗೊತ್ತು.

ಕೊನೆಗೆ ಮಳೆ ಬಂತು. ಜನ ಸಂತೋಷಪಟ್ಟಿರಬೇಕು. ಆದರೆ 1878ರಲ್ಲಿ ಮಳೆಯ ಬೆನ್ನಿಗೇ ಚಳಿಜ್ವರ ಹಬ್ಬಿತು. ಹಸಿವಿನಿಂದ ಸೊರಗಿದ ಮೈಗಳಿಗೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ಬರದಲ್ಲಿ ಬದುಕಿ ಉಳಿದವರು ಹಸಿರು ಚಿಗುರಿದ ಮೇಲೆ ಸತ್ತರು. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎಂದೇ ವೈದ್ಯರೂ ಆಗ ನಂಬಿದ್ದರು. ಮಲೇರಿಯಾದ ಪರಾವಲಂಬಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಕಂಡದ್ದು 1897ರ ಆಗಸ್ಟ್‌ನಲ್ಲಿ, ಸಿಕಂದರಾಬಾದಿನಲ್ಲಿ. ಮಲೇರಿಯಾ ಎಂದರೆ ಏನೆಂದು ಮಂಗಳೂರಿನವರಿಗೆ ವಿವರಿಸಬೇಕಿಲ್ಲ. ಮಳೆ ಬಿಟ್ಟು ಬಿಟ್ಟು ಬಂದಾಗ ಕಟ್ಟಡದ ಕೆಲಸದ ಜಾಗಗಳಲ್ಲಿ ನಿಂತ ನೀರೇ ಇಂದಿಗೂ ನಮ್ಮ ತಲೆನೋವು.

ಮನಸ್ಸಿನ ಕಡೆಯಿಂದ ನೋಡಿದರೆ ವೈದ್ಯಶಾಸ್ತ್ರ ಎಚ್ಚೆತ್ತದ್ದು ಬಹಳ ತಡವಾಗಿ. ದಕ್ಷಿಣ ಆಫ್ರಿಕಾದ ಬಿಸಿಲಿನಿಂದ ಅಮೆರಿಕಕ್ಕೆ ಹೋದ ನಾರ್ಮನ್ ರೋಸೆಂಥಲ್ ಎಂಬ ಮನೋವೈದ್ಯರು, ಚಳಿಗಾಲದಲ್ಲಿ ಬೆಳಕು ಕಡಿಮೆಯಾದಾಗ ಕೆಲವರಿಗೆ ಬರುವ ಖಿನ್ನತೆಯನ್ನು ಸಹೋದ್ಯೋಗಿಗಳ ಜೊತೆ 1984ರಲ್ಲಿ ವಿವರಿಸಿ ಹೆಸರಿಟ್ಟರು. ನಮ್ಮ ಆಟಿಯ ಬೇಸರ ಅದೇ ಕಾಯಿಲೆ ಎಂದು ನಾನು ಹೇಳುತ್ತಿಲ್ಲ. ಆದರೆ ಗುಡ್ಡಾಪುರದಲ್ಲಿ ನಾನು ಕಂಡದ್ದು ಬೆಳಕಿನ ಕೊರತೆಯಲ್ಲ. ಅಲ್ಲಿ ಬಿಸಿಲು ಧಾರಾಳವಾಗಿತ್ತು, ಮನಸ್ಸು ಮಾತ್ರ ಕತ್ತಲೆ. ಜೋಳದ ಪೈರು ಸೊರಗಿದರೆ ಗಂಡ ಹೆಂಡತಿ ಇಬ್ಬರೂ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಕಬ್ಬು ಕಡಿಯಲು ಹೊರಡಬೇಕು. ಆ ಮನೆಯ ಮೌನಕ್ಕೆ ಯಾವ ದೀಪದ ಚಿಕಿತ್ಸೆ?

1972ರ ಬರವನ್ನು ಕಂಡವರು ಅಲ್ಲಿ ಇನ್ನೂ ಇದ್ದಾರೆ. ರಸ್ತೆ, ಕೆರೆ ಕೆಲಸಕ್ಕೆ ಹೋದದ್ದು, ಅಮೆರಿಕದಿಂದ ಬಂದ ಕೆಂಪು ಮಿಲೊ ಜೋಳದ ರೊಟ್ಟಿ ತಿಂದದ್ದು ಹೇಳುತ್ತಾರೆ. ಆ ಕಾಮಗಾರಿಗಳಿಂದಲೇ ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆ ಬೆಳೆಯಿತು. ಮಳೆ ಕೈಕೊಟ್ಟದ್ದು 1876ರಂತೆಯೇ, ಆದರೆ ಸಾವು ಹಾಗೆ ಆಗಲಿಲ್ಲ.

ನೀರಿನ ಸಿಟ್ಟು ಮಾತ್ರ ಉಳಿಯಿತು. ಕರ್ನಾಟಕಕ್ಕೆ ಸೇರುತ್ತೇವೆ ಎಂದು ಜತ್ ತಾಲೂಕಿನ ಹಳ್ಳಿಗಳು ಮಾಡಿದ್ದ ಠರಾವು 2022ರ ನವೆಂಬರ್‌ನಲ್ಲಿ ಮತ್ತೆ ಸುದ್ದಿಯಾದಾಗ ಟಿವಿಯವರು ಭಾಷೆಯ ಜಗಳ ಎಂದರು. ನನಗೆ ಕೇಳಿಸಿದ್ದು ಖಾಲಿ ಕೊಡದ ಸದ್ದು. ಮರುವರ್ಷ, 2023ರ ಆಗಸ್ಟ್, 1901ರಿಂದೀಚೆಗೆ ದೇಶದಲ್ಲೇ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್ ಆಯಿತು.

ಈಗ ಅಲ್ಲಿ ದಾಳಿಂಬೆ, ದ್ರಾಕ್ಷಿ ತೋಟಗಳೂ ಇವೆ. ದ್ರಾಕ್ಷಿ ಬೆಳೆಗಾರನಿಗೆ ಅಕಾಲದ ಮೋಡವೆಂದರೆ ಭಯ. ಎಲೆಗೆ ಬೂಜು ಹಿಡಿಯುತ್ತದೆ, ರಾತ್ರೋರಾತ್ರಿ ಔಷಧಿ ಹೊಡೆಯಬೇಕು. ಪಕ್ಕದ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತಿದವನು ಅದೇ ಮೋಡಕ್ಕೆ ಕೈಮುಗಿಯುತ್ತಿರುತ್ತಾನೆ. ಇಬ್ಬರೂ ಅಣ್ಣತಮ್ಮಂದಿರಾಗಿರುವುದೂ ಉಂಟು.