ಹಿಂದಿನ ಅಚ್ಚಿನೊಳಗಿನ ರಸ್ತೆ

ಕತಾರಿನ ಅಬು ಹಮೂರ್‌ನಿಂದ ಹೊರಟು ಸಾಲ್ವಾ ರಸ್ತೆ ಹಿಡಿದರೆ ಸೌದಿ ಗಡಿಯ ಅಬು ಸಮ್ರಾ ಸುಮಾರು 100 ಕಿಲೋಮೀಟರು. ಮೇಲ್ಸೇತುವೆಗಳನ್ನು ಬಿಟ್ಟರೆ ಆ ದಾರಿಯಲ್ಲಿ ಏರು ಎನ್ನಬಹುದಾದ ಏರು ಒಂದೂ ಇಲ್ಲ. ಇಡೀ ಕತಾರಿನಲ್ಲಿ ಅತಿ ಎತ್ತರದ ಜಾಗ ಖುರೈನ್ ಅಬು ಅಲ್ ಬೌಲ್. ಎತ್ತರ 103 ಮೀಟರು. ಆಗುಂಬೆಯ 14 ತಿರುವು ಹತ್ತಿ ಇಳಿದವರ ಕಣ್ಣಿಗೆ ಅದು ದಿಬ್ಬ. ಹೆದ್ದಾರಿಯಲ್ಲಿ ಗಂಟೆಗೆ 120 ಕಿಲೋಮೀಟರಿನವರೆಗೂ ಓಡಿಸಬಹುದಾದ ಈ ದೇಶದ ನೆಲದ ಮೇಲೆ, 1950ರ ಹೊತ್ತಿನ ಒಂದು ಎಂಜಿ ಟಿಡಿ ಸ್ಪೋರ್ಟ್ಸ್ ಕಾರನ್ನು ತಂದು ನಿಲ್ಲಿಸಿದೆವು ಎಂದಿಟ್ಟುಕೊಳ್ಳಿ. ಟಾಪ್ ಗೇರಿನಲ್ಲಿ 100ರ ವೇಗ ಮುಟ್ಟುವ ಹೊತ್ತಿಗೆ ಅದರ 1250 ಸಿಸಿ ಇಂಜಿನ್ ನಿಮಿಷಕ್ಕೆ ಸುಮಾರು 4300 ಸುತ್ತು ಸುತ್ತುತ್ತಿರುತ್ತದೆ. ಅದರ ಪೂರ್ತಿ ಶಕ್ತಿ ಸಿಗುವುದು 5200 ಸುತ್ತಿಗೆ. ಕತಾರಿನ ಬೇಸಿಗೆಯಲ್ಲಿ ಒಂದು ಗಂಟೆ ಹೀಗೆ ಓಡಿಸುವುದೆಂದರೆ ಮುದಿ ಎತ್ತನ್ನು ಮಧ್ಯಾಹ್ನದ ಬಿಸಿಲಲ್ಲಿ ಓಟಕ್ಕೆ ಬಿಟ್ಟ ಹಾಗೆ. ಇಂಥ ಕಾರುಗಳ ಮಾಲೀಕರು ಲೋಕದ ಎಲ್ಲ ಕಡೆಯೂ ಹಿಂದಿನ ಅಚ್ಚು ಬಿಚ್ಚಿಸಿ ಒಳಗಿನ ಗೇರು ಬದಲಿಸುತ್ತ ಬಂದಿರುವುದು ಇದೇ ಕಾರಣಕ್ಕೆ. ಇದಕ್ಕೆ ‘ಅಪ್‌ಗ್ರೇಡ್’ ಎಂಬ ಹೆಸರು ಬಿದ್ದಿದೆ. ಕೆಲಸ ಸರಿ, ಹೆಸರು ತಪ್ಪು ಎಂಬುದು ಈ ಲೇಖನದ ವಾದ. ಈ ಗೇರಿನಲ್ಲಿ ಮೇಲು ಕೀಳು ಎಂಬುದಿಲ್ಲ. ಯಾವ ರಸ್ತೆಗೆ ಯಾವ ಜೋಡಿ ಎಂಬ ಲೆಕ್ಕ ಮಾತ್ರ ಇದೆ.

ಎತ್ತಿನ ಗಾಡಿಗೆ ಈ ತಾಪತ್ರಯ ಇರಲಿಲ್ಲ. ಅಲ್ಲಿ ಅಚ್ಚು ಸುತ್ತುವುದಿಲ್ಲ, ಕಡಾಣಿ ಹಿಡಿದ ಎರಡು ಚಕ್ರಗಳು ತಮ್ಮ ಪಾಡಿಗೆ ತಾವು ಸುತ್ತುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಿದರೂ ಯಾರಿಗೂ ತೊಂದರೆಯಿಲ್ಲ, ಏಕೆಂದರೆ ಎಳೆಯುವುದು ಎತ್ತು. ಇಂಜಿನ್ ಬಂದು ಚಕ್ರವನ್ನೇ ತಿರುಗಿಸಬೇಕಾದಾಗ ಎರಡು ಸಮಸ್ಯೆ ಹುಟ್ಟಿದವು. ಮೊದಲನೆಯದು, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವುದು. ಫ್ರಾನ್ಸಿನ ಒನೆಸಿಫೋರ್ ಪೆಕರ್ 1827ರಲ್ಲಿ ಉಗಿಗಾಡಿಗಾಗಿ ಪೇಟೆಂಟ್ ಪಡೆದ ಡಿಫರೆನ್ಷಿಯಲ್ ಅದನ್ನು ಬಿಡಿಸಿತು. ಎರಡನೆಯದು, ಉದ್ದುದ್ದ ಬರುವ ಸುತ್ತನ್ನು ಅಡ್ಡಕ್ಕೆ ತಿರುಗಿಸಿ, ಜೊತೆಗೇ ಅದರ ವೇಗ ಇಳಿಸಿ ಬಲ ಏರಿಸುವುದು. ನಮ್ಮ ಗ್ಯಾರೇಜುಗಳಲ್ಲಿ ‘ಕ್ರೌನ್ ಪಿನಿಯನ್’ ಎಂದು ಒಂದೇ ಉಸಿರಿನಲ್ಲಿ ಕರೆಸಿಕೊಳ್ಳುವ ಜೋಡಿ ಮಾಡುವುದು ಈ ಕೆಲಸವನ್ನು. ಟಿಡಿ ಕಾರಿನ ಪಿನಿಯನ್ನಿಗೆ, ಅಂದರೆ ಸಣ್ಣ ಗೇರಿಗೆ, 8 ಹಲ್ಲು, ದೊಡ್ಡದಾದ ಕ್ರೌನಿಗೆ 41. ಭಾಗಿಸಿದರೆ ಅನುಪಾತ 5.125: ಪಿನಿಯನ್ ಐದು ಸುತ್ತಿಗಿಂತ ತುಸು ಹೆಚ್ಚು ಸುತ್ತಿದರೆ ಚಕ್ರ ಒಂದು ಸುತ್ತು. 8ಕ್ಕೂ 41ಕ್ಕೂ ಸಾಮಾನ್ಯ ಅಪವರ್ತನ ಇಲ್ಲದಿರುವುದು ಆಕಸ್ಮಿಕವಲ್ಲ. ಹಾಗಿದ್ದರೆ ಮಾತ್ರ ಇತ್ತಣ ಪ್ರತಿ ಹಲ್ಲು ಅತ್ತಣ ಪ್ರತಿ ಹಲ್ಲನ್ನೂ ಸರದಿಯಲ್ಲಿ ಮುಟ್ಟಿ, ಸವೆತ ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳನ್ನು ಸಾಕಿದವರಿಗೆ, ಸ್ಪ್ರಾಕೆಟ್ಟಿನ ಒಂದೇ ಒಂದು ಹಲ್ಲು ಗಾಡಿಯ ಸ್ವಭಾವವನ್ನು ಎಷ್ಟು ಬದಲಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಈ ಅನುಪಾತವನ್ನು ಬದಲಿಸುವ ಕಸುಬು ಹೆಚ್ಚುಕಡಿಮೆ ಕಾರಿನಷ್ಟೇ ಹಳೆಯದು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿಯ ಕ್ರೌನಿಗೆ 40 ಹಲ್ಲು, ಪಿನಿಯನ್ನಿಗೆ 11. ಅದು ಗುಡ್ಡದಲ್ಲಿ ಏದುಸಿರು ಬಿಡುತ್ತದೆಂದು ಜನ ರಕ್‌ಸ್ಟೆಲ್ ಎಂಬ ಎರಡು ವೇಗದ ಹಿಂದಿನ ಅಚ್ಚನ್ನು ಕೊಂಡು ಹಾಕಿಸಿಕೊಂಡರು. ಅದನ್ನು ಫೋರ್ಡ್ ಡೀಲರುಗಳೇ ಮಾರಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ರೇಸಿನವರಲ್ಲಿ ಟೆಡ್ ಹ್ಯಾಲಿಬ್ರಾಂಡನ ‘ಕ್ವಿಕ್ ಚೇಂಜ್’ ಅಚ್ಚು ಮನೆಮಾತಾಯಿತು. ಹಿಂದಿನ ಮುಚ್ಚಳ ತೆಗೆದು ಗೇರು ಬದಲಿಸಿದರೆ ಆಯಿತು, ಬೆಳಿಗ್ಗೆ ಒಂದು ಟ್ರ್ಯಾಕಿಗೆ ಒಂದು ಜೋಡಿ, ಸಂಜೆ ಮತ್ತೊಂದಕ್ಕೆ ಮತ್ತೊಂದು. ಇವರಲ್ಲಿ ಯಾರೂ ಕಾರಿನ ದರ್ಜೆ ಏರಿಸಲು ಹೊರಟವರಲ್ಲ. ನೆಲ ಬದಲಾದಂತೆ ಹಲ್ಲಿನ ಲೆಕ್ಕ ಬದಲಿಸಿದರು, ಅಷ್ಟೆ.

ಎಂಜಿ ಕಾರುಗಳ ಕಥೆ ಇದನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳುತ್ತದೆ. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ 1945ರಲ್ಲಿ ಹೊರಬಂದ ಟಿಸಿ ಕಾರಿನ ಅನುಪಾತ 5.125. 1950ರ ಟಿಡಿಯದೂ ಅಷ್ಟೇ. 1953ರ ಟಿಎಫ್‌ನಲ್ಲಿ ಅದು 4.875ಕ್ಕೆ, 1955ರ ಎಂಜಿಎಯಲ್ಲಿ 4.3ಕ್ಕೆ, 1961ರಲ್ಲಿ ಬಂದ ಎಂಜಿಎ 1600 ಮಾರ್ಕ್ 2ರಲ್ಲಿ 4.1ಕ್ಕೆ, 1962ರ ಎಂಜಿಬಿಯಲ್ಲಿ 3.909ಕ್ಕೆ ಇಳಿಯಿತು. ಈ ಪಟ್ಟಿಯ ಪಕ್ಕದಲ್ಲಿ ರಸ್ತೆಗಳ ಪಟ್ಟಿ ಇಟ್ಟು ನೋಡಿ. ಟಿಡಿಗಳಲ್ಲಿ ಬಹುಪಾಲು ಹೋದದ್ದು ಅಮೆರಿಕಕ್ಕೆ. ಅಲ್ಲಿ ಇಂಟರ್‌ಸ್ಟೇಟ್ ಹೆದ್ದಾರಿಗಳ ಕಾಯಿದೆ ಬಂದದ್ದು 1956ರಲ್ಲಿ. ಬ್ರಿಟನ್ನಿನ ಮೊದಲ ಮೋಟಾರ್‌ವೇ ಪ್ರೆಸ್ಟನ್ ಬೈಪಾಸ್ ತೆರೆದದ್ದು 1958ರ ಡಿಸೆಂಬರಿನಲ್ಲಿ, ಎಂ1 ಮರುವರ್ಷ. ಬೇಲಿಗಳ ನಡುವೆ ಬಳುಕುವ ಹಳ್ಳಿದಾರಿಗೆ, ಮೂರನೆಯ ಗೇರಿನ ಉತ್ಸಾಹಕ್ಕೆ ಹೊಂದಿಸಿದ ಕಾರು ನಿಧಾನವಾಗಿ ನೇರ ರಸ್ತೆಗೆ ಒಗ್ಗಿಕೊಂಡ ದಾಖಲೆ ಈ ಸಂಖ್ಯೆಗಳಲ್ಲಿದೆ. ಕತಾರಿನ ವಿಷಯಕ್ಕೆ ಬಂದರೆ, ದುಖಾನಿನ ಕಚ್ಚಾತೈಲ ಮೊದಲ ಸಲ ಹಡಗು ಹತ್ತಿದ್ದು 1949ರ ಕೊನೆಯ ದಿನ. ಟಿಡಿಯೂ ಆ ದೇಶದ ತೈಲಯುಗವೂ ಒಂದೇ ಚಳಿಗಾಲದ ಕೂಸುಗಳು. ಸಾಲ್ವಾ ರಸ್ತೆಯ ಇಂದಿನ ರೂಪ ಅಬಿಂಗ್ಡನ್ನಿನ ಇಂಜಿನಿಯರುಗಳ ಕನಸಿಗೂ ಬಂದಿರಲಾರದು.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಅನುಪಾತ ಇಳಿದದ್ದು ರಸ್ತೆಯಿಂದಲ್ಲ, ಇಂಜಿನ್ ಬೆಳೆದದ್ದರಿಂದ. 1250 ಸಿಸಿ ಹೋಗಿ 1489 ಬಂತು, 1622 ಬಂತು, ಕೊನೆಗೆ 1798 ಬಂತು. ಬಲ ಹೆಚ್ಚಾದ ಮೇಲೆ ಉದ್ದ ಗೇರು, ಅಂದರೆ ಇಂಜಿನ್ನಿನ ಅಷ್ಟೇ ಸುತ್ತಿಗೆ ಹೆಚ್ಚು ದೂರ ಓಡಿಸುವ ಗೇರು, ತಾನಾಗಿ ಸಾಧ್ಯವಾಯಿತು ಎಂದು. ಇದರಲ್ಲಿ ಹುರುಳಿದೆ. ಆದರೆ ಟಿಎಫ್ ಇದಕ್ಕೆ ಪೂರ್ತಿ ಬಗ್ಗುವುದಿಲ್ಲ. ಅದು 1953ರಲ್ಲಿ ಬಂದಾಗ ಇಂಜಿನ್ ಅದೇ 1250 ಸಿಸಿ, ತುಸು ಚುರುಕಾಗಿತ್ತು ಅಷ್ಟೆ. ಆದರೂ ಕಾರ್ಖಾನೆ ಕ್ರೌನಿನ ಎರಡು ಹಲ್ಲು ಕಡಿಮೆ ಮಾಡಿ 39ಕ್ಕೆ ಇಳಿಸಿತು. ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಟಿಸಿಗೂ ಟಿಡಿಗೂ ಅನುಪಾತ ಒಂದೇ ಆದರೂ ಟಿಸಿಯ ಚಕ್ರ 19 ಇಂಚಿನದು, ಟಿಡಿಯದು 15 ಇಂಚಿನದು. ಇಂಜಿನ್ ನಿಮಿಷಕ್ಕೆ 1000 ಸುತ್ತು ಸುತ್ತಿದರೆ ಟಿಸಿ ಗಂಟೆಗೆ ಸುಮಾರು 25 ಕಿಲೋಮೀಟರಿನ ವೇಗದಲ್ಲಿ, ಟಿಡಿ ಸುಮಾರು 23ರಲ್ಲಿ ಹೋಗುತ್ತದೆ. ಅಂದರೆ ಹೊಸ ಕಾರು ಹಳೆಯದಕ್ಕಿಂತ ಗಿಡ್ಡ ಗೇರಿನದಾಯಿತು. ಟಿಡಿಗೆ ಗೇರು ಬದಲಿಸುವವರು ಕಾರ್ಖಾನೆ ಸಣ್ಣ ಚಕ್ರ ಹಾಕಿ ಕಳೆದದ್ದನ್ನು ವಾಪಸು ಪಡೆದು, ಅದರ ಮೇಲೊಂದಿಷ್ಟು ಸೇರಿಸಿಕೊಳ್ಳುತ್ತಾರೆ. ಎಂಜಿಎಯ 43 ಮತ್ತು 10 ಹಲ್ಲಿನ ಜೋಡಿ ಕೂರಿಸಿದರೆ 100ರ ವೇಗಕ್ಕೆ ಇಂಜಿನ್ ಸುಮಾರು 3600 ಸುತ್ತು ಸುತ್ತಿದರೆ ಸಾಕು.

ಹಾಗಾದರೆ ಸಂಖ್ಯೆ ಇಳಿದಷ್ಟೂ ಒಳ್ಳೆಯದೇ? ಅಬು ಹಮೂರಿನಿಂದ ಪಶ್ಚಿಮದ ಬದಲು ದಕ್ಷಿಣಕ್ಕೆ ಹೋಗಿ ನೋಡಬೇಕು. ಮೆಸಾಯೀದ್ ದಾಟಿ ಸೀಲೈನಿನ ಮರಳು ದಿಬ್ಬಗಳಿಗೆ ಏರುವ ನಿಸ್ಸಾನ್ ಪಟ್ರೋಲ್, ಲ್ಯಾಂಡ್ ಕ್ರೂಸರ್ ಮಂದಿಗೆ ಬೇಕಾದದ್ದು ಇದರ ತದ್ವಿರುದ್ಧ. ದೊಡ್ಡ ಟೈರು ಹಾಕಿದ ಮೇಲೆ ಮರಳಿನಲ್ಲಿ ಬಲ ಸಾಲದೆಂದು ಅವರು ಅನುಪಾತದ ಸಂಖ್ಯೆ ಏರಿಸುತ್ತಾರೆ. ಅದೂ ‘ಅಪ್‌ಗ್ರೇಡ್’! ನಮ್ಮ ಅಂಬಾಸಿಡರಿನ 1489 ಸಿಸಿ ಇಂಜಿನ್ ಎಂಜಿಎಯದರ ಒಡಹುಟ್ಟು. ಆದರೆ ಸಂಸಾರ, ಟ್ರಂಕು, ಹಲಸಿನಹಣ್ಣು ಎಲ್ಲವನ್ನೂ ಹೊತ್ತು ಶಿರಾಡಿ ಹತ್ತಬೇಕಾದ ಆ ಕಾರಿನ ಅಚ್ಚಿಗೆ ಎಂಜಿಎಗಿಂತ ಗಿಡ್ಡ ಗೇರೇ ಬೇಕಿತ್ತು, ಅದೇ ಇತ್ತು. ಟಿಡಿಗೆ 4.3 ಹಾಕಿದವರು ಪ್ರತಿ ಗೇರಿನಲ್ಲೂ ಚಕ್ರದ ಬಲದಲ್ಲಿ ಶೇಕಡಾ 16ರಷ್ಟು ಕಳೆದುಕೊಂಡಿರುತ್ತಾರೆ. ಸಾಲ್ವಾ ರಸ್ತೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಆಗುಂಬೆಯ ತಿರುವಿನಲ್ಲಿ ಮೊದಲ ಗೇರಿಗೆ ಇಳಿದು ಕ್ಲಚ್ಚು ಸುಡುವಾಗ ಗೊತ್ತಾಗುತ್ತದೆ.

ಮೂಲರೂಪದ ಪಕ್ಷಪಾತಿಗಳ ಆಕ್ಷೇಪ ಬೇರೆ ತರಹದ್ದು: ಹಳೆಯ ಕಾರು ಒಂದು ಚರಿತ್ರೆಯ ದಾಖಲೆ, ಅದನ್ನು ತಿದ್ದುವ ಹಕ್ಕು ನಮಗಿಲ್ಲ. ಅಲ್ ಶಹಾನಿಯಾ ಬಳಿಯ ಶೇಖ್ ಫೈಸಲ್ ವಸ್ತುಸಂಗ್ರಹಾಲಯದಲ್ಲೋ ಧರ್ಮಸ್ಥಳದ ಮಂಜೂಷಾದಲ್ಲೋ ನಿಂತ ಕಾರಿಗೆ ಈ ಮಾತು ಪೂರ್ತಿ ಒಪ್ಪುತ್ತದೆ. ನಿಂತ ಕಾರಿಗೆ ಉದ್ದ ಗೇರು ಯಾಕೆ? ಓಡುವ ಕಾರಿನ ಪ್ರಶ್ನೆ ಬೇರೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾದ ಟ್ಯೂರಿನ್ ಸನ್ನದು ಕೂಡ ಬಳಕೆಯನ್ನು ಸಂರಕ್ಷಣೆಯ ಭಾಗವೆಂದೇ ಕಾಣುತ್ತದೆ. ಮಾಡಿದ ಬದಲಾವಣೆ ಹಿಂದಕ್ಕೆ ಪಡೆಯುವಂತಿರಲಿ ಎಂಬುದು ಅದರ ಆಶಯ. ಅಚ್ಚಿನ ಗೇರು ಬದಲಿಸುವುದಕ್ಕಿಂತ ಐದು ಗೇರಿನ ಹೊಸ ಪೆಟ್ಟಿಗೆ ಕೂರಿಸುವುದು ಉತ್ತಮ ಎನ್ನುವವರಿದ್ದಾರೆ. ಘಟ್ಟ ಮತ್ತು ಹೆದ್ದಾರಿ ಎರಡೂ ಇರುವ ಕರ್ನಾಟಕದಲ್ಲಿ ಅವರ ಮಾತು ಸರಿ. ಘಟ್ಟವೇ ಇಲ್ಲದ ಕತಾರಿನಲ್ಲಿ ಅದು ದುಂದು. ಅಚ್ಚಿನ ಗೇರು ಕಾರಿನ ಹೊರರೂಪವನ್ನು ಮುಟ್ಟುವುದಿಲ್ಲ, ಚಾಲಕನ ಕೈಗೆ ಸಿಗುವ ಹಳೆಯ ಗೇರುಕೋಲನ್ನೂ ಬದಲಿಸುವುದಿಲ್ಲ. ಆದರೆ ಕೈಕೆಲಸ ನಾಜೂಕಿನದು. ಹಲ್ಲಿಗೆ ಎಣ್ಣೆಯಲ್ಲಿ ಕಲಸಿದ ಸಿಂಧೂರ ಹಚ್ಚಿ, ಕೈಯಿಂದ ತಿರುಗಿಸಿ, ಅಚ್ಚೊತ್ತಿದ ಗುರುತು ಹಲ್ಲಿನ ನಟ್ಟನಡುವೆ ಬೀಳುವವರೆಗೆ ಕಾಗದದಷ್ಟು ತೆಳುವಾದ ಶಿಮ್‌ಗಳನ್ನು ಸೇರಿಸುತ್ತ ತೆಗೆಯುತ್ತ ಕೂರಬೇಕು. ಗುರುತು ತುದಿಗೆ ಜಾರಿದರೆ ಅಚ್ಚು ಊಳಿಡುತ್ತದೆ, ಹೆಚ್ಚು ದಿನ ಬಾಳುವುದೂ ಇಲ್ಲ.

ಆದ್ದರಿಂದ ತೀರ್ಮಾನ ಸರಳ. ನೆಲ ನೋಡಿ ಗೇರು ಹಾಕಿಸಿ, ತೆಗೆದ 8 ಮತ್ತು 41ರ ಜೋಡಿಯನ್ನು ಎಣ್ಣೆ ಸವರಿ, ಕಾಗದ ಸುತ್ತಿ, ಬೇರೆ ಮಾಡದೆ ಜೊತೆಯಾಗಿಯೇ ಎತ್ತಿಡಿ. ಕಾರು ಮುಂದೊಂದು ದಿನ ಘಟ್ಟದ ಊರಿಗೆ ಹೋದೀತು. ಸ್ಪೀಡೋಮೀಟರನ್ನೂ ಅದೇ ದಿನ ತಿದ್ದಿಸಿ. ಅದರ ಕೇಬಲ್ಲು ಹೊರಡುವುದು ಗೇರುಪೆಟ್ಟಿಗೆಯಿಂದ, ಹಿಂದೆ ಅಚ್ಚಿನಲ್ಲಿ ಆದ ಬದಲಾವಣೆ ಅದಕ್ಕೆ ತಿಳಿಯದು. ಮೀಟರಿನಲ್ಲಿ 100 ಕಂಡಾಗ ಕಾರು ನಿಜಕ್ಕೂ 119ರಲ್ಲಿರುತ್ತದೆ, ರಸ್ತೆಬದಿಯ ರೇಡಾರ್ ಬರೆದುಕೊಳ್ಳುವುದು 119ನ್ನೇ.