ಜೇಡ ಹುಡುಕಿದವರ ದಾರಿ

ಬಳ್ಳಾರಿಗೆ ಅಷ್ಟೇನೂ ದೂರವಿಲ್ಲದ ಗುತ್ತಿಯ ರೈಲ್ವೆ ಮರದ ಡಿಪೊದಲ್ಲಿ ಸಿಕ್ಕ ಒಂದೇ ಒಂದು ಹೆಣ್ಣು ಜೇಡವನ್ನು ಆಧಾರವಾಗಿಟ್ಟುಕೊಂಡು ಲಂಡನ್ನಿನ ಆರ್. ಐ. ಪೊಕಾಕ್ 1899ರಲ್ಲಿ ಹೊಸ ಪ್ರಭೇದವೊಂದನ್ನು ವರ್ಣಿಸಿದರು. ನೀಲಿಯಾಗಿ ಮಿಂಚುವ ಪಿಸಿಲೋಥೀರಿಯಾ ಮೆಟಾಲಿಕಾ ಅದು. ಆಮೇಲೆ ನೂರು ವರ್ಷ ಅದರ ಸುಳಿವಿಲ್ಲ. 2001ರಲ್ಲಿ ಮತ್ತೆ ಸಿಕ್ಕಿದ್ದು ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ, ಗುತ್ತಿಯಿಂದ ಸುಮಾರು ನೂರು ಕಿಲೋಮೀಟರ್ ಆಚೆ. ಮೊದಲು ಸಿಕ್ಕ ಜೇಡ ದಿಮ್ಮಿಯ ಪೊಟರೆಯಲ್ಲಿ ಕೂತು ರೈಲಿನಲ್ಲಿ ಬಂದಿಳಿದಿರಬೇಕು ಎಂಬುದು ತಜ್ಞರ ಊಹೆ. ದಕ್ಷಿಣ ಭಾರತದ ಜೇಡ, ಚೇಳು, ಉಣುಗುಗಳ ಹಳೆಯ ಪಟ್ಟಿಗಳನ್ನು ಓದುವಾಗ ಈ ಪ್ರಸಂಗ ನೆನಪಿನಲ್ಲಿರಬೇಕು. ಅಲ್ಲಿನ ಊರಿನ ಹೆಸರುಗಳು ಪ್ರಾಣಿಯ ನೆಲೆಗಿಂತ ಹೆಚ್ಚಾಗಿ ಅದನ್ನು ಹಿಡಿದವರು ಓಡಾಡಿದ ದಾರಿಯನ್ನೇ ತೋರಿಸುತ್ತವೆ.

ಸ್ಟೋಲಿಚ್ಕ ಎಂಬ ಭೂವಿಜ್ಞಾನಿ 1869ರಲ್ಲೇ ಕಲ್ಕತ್ತದಿಂದ ಭಾರತದ ಜೇಡಗಳ ಬಗ್ಗೆ ಬರೆದಿದ್ದರು. ಆದರೆ ಕೈಪಿಡಿ ಅನ್ನಬಹುದಾದ ಮೊದಲ ಪುಸ್ತಕ ಪೊಕಾಕ್ ಅವರದೇ: 'ಬ್ರಿಟಿಷ್ ಭಾರತದ ಪ್ರಾಣಿಸಂಕುಲ' ಮಾಲೆಯಲ್ಲಿ 1900ರಲ್ಲಿ ಬಂದ ಅರಾಕ್ನಿಡಾ ಸಂಪುಟ. ಮಾದರಿಗಳನ್ನು ಲಂಡನ್ನಿಗೆ ಕಳಿಸುತ್ತಿದ್ದವರು ಇಲ್ಲಿದ್ದ ಅಧಿಕಾರಿಗಳು. ಮುಂಬೈ ಪ್ರಾಂತ್ಯದ ಅರಣ್ಯಾಧಿಕಾರಿ ರಾಟನ್ ಅವರ ಹೆಸರು ಒಂದು ಚೇಳಿಗೇ ಅಂಟಿಕೊಂಡಿದೆ. ಆ ಕಾಲದ ಚೀಟಿಗಳಲ್ಲಿ ಎಷ್ಟೋ ಸಲ 'ಕೆನರಾ' ಎಂದಷ್ಟೇ ಇರುತ್ತದೆ. ಸಮುದ್ರದಂಡೆಯಿಂದ ಘಟ್ಟದ ನೆತ್ತಿಯವರೆಗೆ ಎಲ್ಲಿ ಬೇಕಾದರೂ ಆಗಬಹುದು!

1916ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಹುಟ್ಟಿತು. ಕಲ್ಕತ್ತದಲ್ಲೂ ಆಮೇಲೆ ಮದ್ರಾಸ್ ಮ್ಯೂಸಿಯಮ್ಮಿನಲ್ಲೂ ಇದ್ದ ಗ್ರೇವ್ಲಿ ಕೆಲಸವನ್ನು ಮುಂದುವರಿಸಿದರು. ನಿಜವಾದ ಹೊರೆ ಹೊತ್ತವರು ಬಿ. ಕೆ. ಟಿಕಾದರ್. ಜೇಡಗಳ ಸಂಪುಟಗಳು 1980ರಿಂದ ಬಂದವು, ಬಸ್ತವಡೆ ಅವರ ಜೊತೆ ಬರೆದ ಚೇಳುಗಳ ಸಂಪುಟ 1983ರಲ್ಲಿ, ಕೈಪಿಡಿ 1987ರಲ್ಲಿ. ಜೇಡದ ಹುಚ್ಚು ಹಿಡಿಸಿಕೊಂಡ ಒಂದು ಇಡೀ ತಲೆಮಾರಿನ ಅಧ್ಯಾಪಕರು, ವಿದ್ಯಾರ್ಥಿಗಳು ಇವನ್ನೇ ಮುಂದಿಟ್ಟುಕೊಂಡು ಕಲಿತರು.

ಕಲಿತರು, ಮತ್ತು ಎಡವಿದರು. ಏಕೆಂದರೆ ಜೇಡದ ಗುರುತು ಬಣ್ಣದಲ್ಲಾಗಲಿ ಗಾತ್ರದಲ್ಲಾಗಲಿ ಇಲ್ಲ. ಹೆಣ್ಣಿನ ಹೊಟ್ಟೆಯ ಅಡಿಯಲ್ಲಿ ಎಪಿಜೈನ್ ಎಂಬ ಗಟ್ಟಿ ಫಲಕವಿದೆ, ಅಗಲ ಹಲವು ಸಲ ಒಂದು ಮಿಲಿಮೀಟರಿಗಿಂತ ಕಡಿಮೆ. ಅದನ್ನು ಸೂಜಿಯಿಂದ ಬಿಡಿಸಿ, ಸುತ್ತಲಿನ ಅಂಗಾಂಶ ಕರಗುವಂತೆ ಕ್ಷಾರದಲ್ಲಿಟ್ಟು, ಮಗುಚಿ ಸೂಕ್ಷ್ಮದರ್ಶಕದಡಿ ನೋಡಿದರೆ ಒಳಗಿನ ನಾಳಗಳ ಸುರುಳಿ ಕಾಣುತ್ತದೆ. ಗಂಡಿನ ಬಾಯಿಯ ಬಳಿಯ ಗುಬಟು ಅಂಗ ಇದಕ್ಕೆ ಬೀಗಕ್ಕೆ ಕೀಲಿಯಂತೆ ಹೊಂದಬೇಕು. ಹಳೆಯ ಎಷ್ಟೋ ವರ್ಣನೆಗಳಲ್ಲಿ ಫಲಕದ ಹೊರರೂಪ ಬಿಟ್ಟರೆ ಬೇರೇನಿಲ್ಲ, ಕೆಲವಕ್ಕೆ ಹೆಣ್ಣು ಮಾತ್ರ ಗೊತ್ತು, ಇನ್ನು ಕೆಲವಕ್ಕೆ ಗಂಡು ಮಾತ್ರ. ಮೂಲ ಮಾದರಿಗಳು ಲಂಡನ್, ಪ್ಯಾರಿಸ್‌ಗಳ ಗಾಜಿನ ಸೀಸೆಗಳಲ್ಲಿ. ಹೀಗಾಗಿ ಒಂದೇ ಜೇಡಕ್ಕೆ ಎರಡು ಹೆಸರು ಬಿದ್ದದ್ದೂ ಉಂಟು, ಎರಡು ಜೇಡಗಳು ಒಂದೇ ಹೆಸರಿನಡಿ ಸೇರಿದ್ದೂ ಉಂಟು.

ಕರ್ನಾಟಕದ ಮಟ್ಟಿಗೆ ಅಧ್ಯಯನಕ್ಕೆ ಬಿರುಸು ತಂದದ್ದು ಜೇಡದ ಮೇಲಿನ ಪ್ರೀತಿಯೇನಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಬಿಳಿ ಬಟ್ಟೆಯನ್ನು ತರಗೆಲೆಯ ಮೇಲೆ ಎಳೆದಾಡಿ ಉಣುಗು ಹಿಡಿದರು. ಯಾವ ಜಾತಿ, ಯಾವ ತಿಂಗಳು, ಮರಿಯೋ ದೊಡ್ಡದೋ ಎಂದು ಲೆಕ್ಕ ಇಟ್ಟರು. ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವ ಹೀಮಫೈಸಾಲಿಸ್ ಸ್ಪಿನಿಜೆರಾ ಉಣುಗಿನ ದಿನಚರಿ ನಮಗೆ ತಿಳಿದಷ್ಟು ಮಲೆನಾಡಿನ ಬೇರೆ ಯಾವ ಎಂಟು ಕಾಲಿನ ಜೀವಿಯದೂ ತಿಳಿದಿಲ್ಲ ಅನ್ನಬಹುದು.

ಇನ್ನೊಂದು ಒತ್ತಡ ಹೊಲ-ತೋಟದ್ದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ನುಸಿಗಳ ಅಧ್ಯಯನಕ್ಕೆ ಬುನಾದಿ ಹಾಕಿದ ಜಿ. ಪಿ. ಚನ್ನಬಸವಣ್ಣ 1966ರಲ್ಲಿ ಎರಿಯೋಫಿಡ್ ನುಸಿಗಳ ಬಗ್ಗೆ ಪ್ರಬಂಧಗ್ರಂಥ ಪ್ರಕಟಿಸಿದರು. (ಅರಾಕ್ನಿಡಗಳ ಪಟ್ಟಿಗೆ ಸೇರಿದರೂ ಇವಕ್ಕಿರುವುದು ನಾಲ್ಕೇ ಕಾಲು.) 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಬೇಗನೆ ನಮ್ಮ ತೋಟಗಳಿಗೂ ಬಂದಾಗ, ಬರಿಗಣ್ಣಿಗೆ ಕಾಣದ ಆ ಪೀಡೆಯನ್ನು ಗುರುತಿಸಬಲ್ಲವರು ಇಲ್ಲಿ ಇದ್ದರು. ಬೆಳೆಗೂ ಮನುಷ್ಯನಿಗೂ ಕೆಡುಕು ಮಾಡದ ಹುಸಿಚೇಳು, ಚಾಟಿಜೇಡ, ಕೊಯ್ಲುಜೇಡಗಳಿಗೆ ಈ ಭಾಗ್ಯ ಸಿಗಲಿಲ್ಲ.

ಆಮೇಲೆ ಪಟ್ಟಿಯೇ ಬದಲಾಯಿತು. ಅಮೆರಿಕದ ನಾರ್ಮನ್ ಪ್ಲಾಟ್ನಿಕ್ ಜಗತ್ತಿನ ಜೇಡಗಳ ಕ್ಯಾಟಲಾಗನ್ನು ಅಂತರ್ಜಾಲಕ್ಕೆ ತಂದರು, 2014ರಿಂದ ಅದನ್ನು ಬರ್ನ್ ನಗರದ ಮ್ಯೂಸಿಯಂ ನೋಡಿಕೊಳ್ಳುತ್ತಿದೆ. 2022ರಲ್ಲಿ ಅದು 50,000 ಪ್ರಭೇದ ದಾಟಿತು. ಭಾರತದ ಹೆಸರುಗಳನ್ನು ಜರಡಿ ಹಿಡಿದು 2005ರಲ್ಲಿ ಸಿಲಿವಾಲ್, ಮೋಲೂರ್ ಮತ್ತು ಬಿಸ್ವಾಸ್ ಕೊಟ್ಟ ಸಂಖ್ಯೆ 1,442. ಹಿಂದೆ ಒಂದು ಪ್ರಬಂಧದ ಪ್ರತಿಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದ ಜಿಲ್ಲಾ ಕಾಲೇಜಿನ ಮೇಷ್ಟ್ರು ಈಗ ಸಂಜೆ ಮನೆಯಲ್ಲಿ ಕೂತು ಮೂಲ ವರ್ಣನೆ ಓದಬಹುದು. ನನ್ನ ಲೆಕ್ಕದಲ್ಲಿ ಡಿಎನ್‌ಎ ಪರೀಕ್ಷೆಗಿಂತ ದೊಡ್ಡ ಬದಲಾವಣೆ ಇದು.

ಕ್ಯಾಮೆರಾ ಹಿಡಿದ ಹವ್ಯಾಸಿಗಳು ಸೇರಿಕೊಂಡದ್ದೂ ಈ ಹೊತ್ತಿನಲ್ಲೇ. ಶಿವಮೊಗ್ಗ ಜಿಲ್ಲೆಯ ಕಾನಿನಲ್ಲಿ ಸಿಕ್ಕ, ಒಣಗಿದ ಎಲೆಯಂತೆ ಮುದುಡಿ ಕೂರುವ ಏಳು ಮಿಲಿಮೀಟರಿನ ಜೇಡಕ್ಕೆ 2016ರಲ್ಲಿ ಎರಿಯೋವಿಕ್ಸಿಯಾ ಗ್ರಿಫಿಂಡೋರಿ ಎಂದು ಹೆಸರಾಯಿತು. ಅದರ ಆಕಾರ ಹ್ಯಾರಿ ಪಾಟರ್ ಕಥೆಯ ಮಂತ್ರದ ಟೋಪಿಯನ್ನೇ ಹೋಲುತ್ತದೆ. 2024ರಲ್ಲಿ ಮರಾಠೆ, ಮ್ಯಾಡಿಸನ್ ಮತ್ತು ಕುಂಟೆ ಜಿಗಿಯುವ ಜೇಡಗಳ ಹೊಸ ಕುಲವೊಂದನ್ನು ಗುರುತಿಸಿ ತೆಂಕಣ ಎಂದು ಕರೆದರು. ಅದರ ಒಂದು ಪ್ರಭೇದಕ್ಕೆ ತುಮಕೂರಿನ ಜಯಮಂಗಲಿ ನದಿಯ ಹೆಸರು. ಇವು ದಟ್ಟ ಕಾಡಿಗಿಂತ ಒಣ ನೆಲವನ್ನು ಮೆಚ್ಚುವಂಥವು.

ಮುಖ್ಯವಾದ ಸಂಗತಿ ಇದೇ ಅನ್ನಿಸುತ್ತದೆ. ಇಷ್ಟು ಕಾಲ ಹುಡುಕುವವರೆಲ್ಲ ಘಟ್ಟ ಹತ್ತಿದ್ದಾರೆ. ಬಯಲುಸೀಮೆಯ ಬಂಡೆಗುಡ್ಡ, ಕುರುಚಲು ಕಾಡುಗಳಿಗೆ ಹೋದವರು ಕಡಿಮೆ. 2020ರಲ್ಲಿ ಪ್ರೆಂಡಿನಿ ಮತ್ತು ಲೋರಿಯಾ ಕರಿಚೇಳುಗಳ ದೊಡ್ಡ ಕುಲವನ್ನು ಒಡೆದು ಡೆಕ್ಕನೊಮೆಟ್ರಸ್, ಸಹ್ಯಾದ್ರಿಮೆಟ್ರಸ್ ಮುಂತಾದ ಹೊಸ ಕುಲಗಳನ್ನು ಮಾಡಿದ್ದರಿಂದ ಊರೂರಿನ ಹಳೆಯ ದಾಖಲೆಗಳನ್ನೆಲ್ಲ ಮತ್ತೆ ನೋಡಬೇಕಿದೆ. ಚೇಳು ಹುಡುಕಲು ಬೇಕಾದದ್ದು ಒಂದು ನೇರಳಾತೀತ ಟಾರ್ಚು, ಅಮಾವಾಸ್ಯೆಯ ಆಸುಪಾಸಿನ ರಾತ್ರಿ. ಆ ಬೆಳಕು ಬಿದ್ದರೆ ಕಲ್ಲಿನ ಸಂದಿಯ ಚೇಳು ಹಸಿರಾಗಿ ಹೊಳೆಯುತ್ತದೆ. ಸಿಕ್ಕ ಜಾಗವನ್ನು ನಿಖರವಾಗಿ ಬರೆದಿಡಬೇಕು, ಆದರೆ ಎಲ್ಲರಿಗೂ ಸಾರಬಾರದು: ಸಾಕುವವರ ಮಾರುಕಟ್ಟೆಯಲ್ಲಿ ಬೇಡಿಕೆ ಹೆಚ್ಚಿದ್ದರಿಂದಲೇ ಪಿಸಿಲೋಥೀರಿಯಾ ಕುಲವನ್ನು 2019ರಲ್ಲಿ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಬೇಕಾಯಿತು.